ಕೂರಲು ಒಂದು ಸ್ಟೂಲು

ಮಲ್ಲೇಶ್ವರಂ
೮ ಫೆಬ್ರವರಿ ೨೦೨೬

ಪ್ರೀತಿಯ ಮಾಧವಿ,

ಕೂರಲು ಸ್ಟೂಲು ಕೊಡುತ್ತೇವೆ ಎಂದರು, ಕೊಡಲಿಲ್ಲ. ಹುಣ್ಣಿನ ಡ್ರೆಸ್ಸಿಂಗ್ ಬದಲಿಸಲು ದಿನಕ್ಕೆ ಕಾಲು ಗಂಟೆ ಎಂದರು, ಕೊಡಲಿಲ್ಲ. ಬಿಲ್ಲಿಂಗಿಗೆ ಹಾಕುತ್ತೇವೆ ಎಂದರು, ಆ ಕುರ್ಚಿಗೆ ಮಾಲೀಕನ ನಾದಿನಿ ಬಂದಳು. ಸಂಪಿಗೆ ರಸ್ತೆಯ ಆ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾಲೀಕ ಚಕ್ರಪಾಣಿ ಕೊಟ್ಟ ಮಾತುಗಳಿವು. ಕೇಳಿಸಿಕೊಂಡವರು ನಾವಿಬ್ಬರೇ.

ಕಳೆದ ವಾರ ಕಾರ್ಮಿಕ ಅಧಿಕಾರಿ ಕೇಳಿದಾಗ ನೀನು ನೆಲ ನೋಡುತ್ತಾ, ನಂಗೇನೂ ಗೊತ್ತಿಲ್ಲ ಸಾರ್, ಅಂದೆ.

ಗೊತ್ತಿಲ್ಲವೇ? ಹದಿನಾಲ್ಕು ತಿಂಗಳು ನನ್ನ ಎಡಗಾಲಿನ ಗಿಣ್ಣಿನ ಹುಣ್ಣನ್ನು ಸ್ಟಾಕ್ ರೂಮಿನಲ್ಲಿ, ಸೀರೆ ಡಬ್ಬಗಳ ಹಿಂದೆ, ತೊಳೆದು ಕಟ್ಟಿದವಳು ನೀನು. ಆ ವಾಸನೆಗೆ ಮುಖ ತಿರುಗಿಸದವಳು ನೀನೊಬ್ಬಳೇ.

ನನ್ನ ಕಾಯಿಲೆಯ ಹೆಸರು ಕೇಳಿ, ಸಿಕಲ್ ಸೆಲ್ ಅಂದರೇನು ಎಂದ ಅಧಿಕಾರಿ. ಹುಟ್ಟಿನಿಂದ ಬಂದದ್ದು, ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ರಕ್ತ ಸರಿಯಾಗಿ ಸಿಗದೆ ಕಾಲಿನ ಚರ್ಮ ಒಡೆಯುತ್ತದೆ, ಒಡೆದದ್ದು ಬೇಗ ಮಾಯುವುದಿಲ್ಲ ಎಂದೆ. ಚಕ್ರಪಾಣಿ ನಕ್ಕ. ಸೊಳ್ಳೆ ಕಚ್ಚಿದ್ದನ್ನ ಕೆರ್ಕೊಂಡಿದಾಳೆ ಸಾರ್, ಅಷ್ಟೇ, ಅಂದ. ಸೊಳ್ಳೆಯಂತೆ! ದಿನಕ್ಕೆ ಹತ್ತು ಗಂಟೆ ನನ್ನನ್ನು ನಿಲ್ಲಿಸಿದ್ದು ಸೊಳ್ಳೆಯೇ?

ಕಾಲು ಎತ್ತಿಡು ಎನ್ನುತ್ತಾರೆ ಡಾಕ್ಟರು. ಎಲ್ಲಿ ಎತ್ತಿಡಲಿ? ಗಿರಾಕಿ ಕೂರುವ ಬಿಳಿ ಗಾದಿಯ ಮೇಲೆ ನಾವು ಬರಿಗಾಲಲ್ಲಿ ನಿಲ್ಲಬೇಕು, ಬ್ಯಾಂಡೇಜು ಕಾಣಬಾರದು. ಮದುವೆ ಸೀರೆ ಆರಿಸುವವರಿಗೆ ಅಪಶಕುನವಂತೆ. ಅದಕ್ಕೇ ಆ ದಿನ ಬ್ಯಾಂಡೇಜು ಬಿಚ್ಚಿ, ತೆಳ್ಳಗೆ ಹತ್ತಿ ಇಟ್ಟು ನಿಂತೆ. ಅದು ನನ್ನ ತಪ್ಪು. ಕೀವು ಗಾದಿಗೆ ಇಳಿಯಿತು. ಮದುಮಗಳ ತಾಯಿ, ಅಯ್ಯೋ ಇದೇನ್ರೀ ಅಸಹ್ಯ, ಎಂದು ಸೆರಗು ಎಳೆದುಕೊಂಡು ಎದ್ದರು. ಸಂಜೆಗೆ ನನ್ನ ಕೆಲಸ ಹೋಯಿತು.

ಹುಣ್ಣು ಒಣಗುತ್ತಿದೆ ಎಂದು ಅಮ್ಮನಿಗೆ ಹೇಳಿದ್ದೇನೆ. ನಿನಗೆ ನಿಜ ಬರೆಯುತ್ತೇನೆ: ಈಗ ಬಲಗಾಲೂ ಒಡೆದಿದೆ. ಸ್ಟೂಲು ಸಿಕ್ಕರೂ ಇದು ಮಾಯುತ್ತದೆ ಎಂದು ನನಗೆ ನಂಬಿಕೆಯಿಲ್ಲ. ಆದರೂ ಕೆಲಸ ವಾಪಸು ಬೇಕು. ಕೂತು ಮಾಡುವ ಕೆಲಸ. ಭಿಕ್ಷೆಯಲ್ಲ.

ನೀನು ಬಾಯಿಬಿಟ್ಟರೆ ನಿನ್ನ ಕೆಲಸವೂ ಹೋಗುತ್ತದೆ, ಗೊತ್ತು. ಕಾರ್ಮಿಕ ಸಂಘದ ಮುನಿಸ್ವಾಮಣ್ಣ ಮುಖಕ್ಕೇ ಹೇಳಿದ, ಸಾಕ್ಷಿ ಇಲ್ದೆ ಗೆಲ್ಲಲ್ಲಮ್ಮ, ಸುಮ್ನೆ ಆಸೆ ಇಟ್ಕೋಬೇಡ ಅಂತ. ಇಟ್ಟುಕೊಂಡಿಲ್ಲ. ವಿಚಾರಣೆಗೆ ಬಾ ಎಂದಷ್ಟೇ ಕರೆಯುತ್ತಿದ್ದೇನೆ.

ಇನ್ನೂ ನಿನ್ನವಳೇ ಆದ
ತೇಜಶ್ರೀ

ತಾ.ಕ.: ಕೆಲಸಕ್ಕೆ ಸೇರುವಾಗ ನನ್ನ ಇಂಗ್ಲಿಷ್ ಫಾರಂ ತುಂಬಿಕೊಟ್ಟವಳು ನೀನು. ‘ಯಾವ ಕಾಯಿಲೆಯೂ ಇಲ್ಲ’ ಎಂಬುದು ನಿನ್ನ ಕೈಬರಹದಲ್ಲಿದೆ. ಅದನ್ನೇ ತೋರಿಸಿ ಚಕ್ರಪಾಣಿ ನಿನ್ನನ್ನು ಹೆದರಿಸಿದ್ದಾನೆ ಎಂದು ನಿನ್ನೆ ತಿಳಿಯಿತು. ಕಾಯಿಲೆ ಮುಚ್ಚಿಟ್ಟು ಹಾಗೆ ಬರೆಸಿದವಳು ನಾನು, ಆಗ ನಿನಗೆ ಏನೂ ತಿಳಿದಿರಲಿಲ್ಲ. ನೀನು ಬಂದರೂ ಬಾರದಿದ್ದರೂ ಅಧಿಕಾರಿಯ ಮುಂದೆ ಇದನ್ನು ನಾನೇ ಹೇಳುತ್ತೇನೆ. ಹೇಳಿದ ಮೇಲೆ ನನ್ನ ಕೇಸು ಉಳಿಯುವುದಿಲ್ಲ, ನೀನು ಉಳಿಯುತ್ತೀಯ. ವಿಚಾರಣೆ ಗುರುವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ.