ಬಿಚ್ಚಿಸಿದ ಉಡಿ

ಬುಕ್ಕಸಾಗರ,
ತಾ. ೧೬ ಫೆಬ್ರವರಿ ೧೯೪೪

ಯುದ್ಧಕ್ಕೆ ಹೋಗಿರುವ ಚಿರಂಜೀವಿ ಗಾದಿಲಿಂಗಪ್ಪನಿಗೆ ನಿನ್ನ ಅವ್ವ ದೂರದಿಂದಲೇ ತಲೆ ಸವರಿ ಬರೆಯುವುದು.

ಕಾಗದ ತಡವಾಯಿತು, ಸಿಟ್ಟಾಗಬೇಡ. ಇಷ್ಟು ದಿನ ನನ್ನ ಮಾತು ಕೇಳಿಕೊಂಡು ನಿನಗೆ ಬರೆಯುತ್ತಿದ್ದವನು ನಿನ್ನ ತಮ್ಮ ಕೊಟ್ರಯ್ಯ. ಈ ಸಲ ಅವನ ಕೈಯಲ್ಲಿ ಬರೆಸುವಂತಿಲ್ಲ, ಇದರಲ್ಲಿರುವುದೇ ಅವನ ಮೇಲಿನ ದೂರು. ಕಂಪ್ಲಿಯಲ್ಲಿ ಮಾಸ್ತರರಾಗಿದ್ದ ನಿಮ್ಮಜ್ಜ ಕಲಿಸಿದ ನಾಲ್ಕಕ್ಷರ ಒಲೆಯ ಮುಂದೆ ಮರೆತೇ ಹೋಗಿದ್ದವು. ಒಂದೊಂದನ್ನೇ ಹುಡುಕಿ ಬರೆಯಲು ಎರಡು ದಿನ ಹಿಡಿಯಿತು. ನಿಮ್ಮಪ್ಪನ ಕೆಮ್ಮು ಕಡಿಮೆಯಾಗಿದೆ. ಎಮ್ಮೆ ಈದಿದೆ, ಹೆಣ್ಣುಗರು.

ಹೊಳೆ ದಾಟಿ ನಿಜಾಮರ ಸೀಮೆಗೆ ಚೀಟಿಯಿಲ್ಲದೆ ಒಂದು ಕಾಳೂ ಹೋಗಬಾರದೆಂದು ಯುದ್ಧದ ಕಾಯಿದೆ ಬಂದಿದೆ. ಅದನ್ನು ಕಾಯಲು ಕೊಟ್ರಯ್ಯನನ್ನು ದಂಡೆಯಲ್ಲಿ ನಿಲ್ಲಿಸಿದ್ದಾರೆ. ತೋಳಿಗೊಂದು ಪಟ್ಟಿ, ಕೈಗೊಂದು ಲಾಠಿ, ಹೆಸರು ಬರೆದುಕೊಳ್ಳಲು ಒಂದು ಪುಸ್ತಕ. ಬಿಸಿಲೇರಿದರೂ ಏಳದಿದ್ದವನು ಕೋಳಿ ಕೂಗುವುದರೊಳಗೆ ಏಳುತ್ತಾನಲ್ಲ ಎಂದು ಮೊದಮೊದಲು ನನಗೂ ಹೆಮ್ಮೆಯೇ ಆಯಿತು. ಆಮೇಲೆ ಅವನ ಮಾತೇ ಬೇರೆಯಾಯಿತು. ಊಟಕ್ಕೆ ಕೂತರೆ ಸಾಕು, ಆಚೆ ದಂಡೆಯವರೆಲ್ಲ ಕಳ್ಳರು, ನಮ್ಮ ಅನ್ನ ತಿನ್ನಲಿಕ್ಕೇ ಹುಟ್ಟಿದವರು ಎನ್ನುತ್ತಾನೆ. ನಿಮ್ಮ ಚಿಕ್ಕಮ್ಮನನ್ನು ಕೊಟ್ಟಿರುವುದು ಆಚೆ ದಂಡೆಗೇ ಅಲ್ಲವೇನೋ ಎಂದರೆ, ಅದು ಯುದ್ಧಕ್ಕೆ ಮೊದಲಿನ ಮಾತಂತೆ.

ಹರಗೋಲು ನಡೆಸುವ ಪಾಲಪ್ಪನ ಮಗಳು ಹೊನ್ನೂರಮ್ಮ ನೆನಪಿದ್ದಾಳಲ್ಲ, ತಾಯಿಯಿಲ್ಲದ ಹುಡುಗಿ. ಅವಳನ್ನು ಹೊಳೆಯಾಚೆ ಕಡೆಬಾಗಿಲು ಊರಿಗೆ ಕೊಟ್ಟಿದ್ದಾರೆ. ಸಂಕ್ರಾಂತಿಗೆ ತವರಿಗೆ ಬಂದವಳು ಹೊರಟು ನಿಂತಾಗ ನಾನೇ ಕೂರಿಸಿ ಉಡಿ ತುಂಬಿದೆ. ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು. ಅದನ್ನು ಅತ್ತೆಮನೆಯ ದೇವರ ಮುಂದೆಯೇ ಬಿಚ್ಚಬೇಕು, ದಾರಿಯಲ್ಲಿ ಸಡಿಲಬಾರದೆಂದು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಕಳಿಸಿದೆ. ದಂಡೆಯಲ್ಲಿ ನಿನ್ನ ತಮ್ಮ ಚೀಟಿ ಕೇಳಿದ. ಉಡಿಯಕ್ಕಿಗೆ ಯಾರಾದರೂ ಚೀಟಿ ಬರೆಸುತ್ತಾರೆಯೇ? ಹತ್ತು ಜನರೆದುರಿಗೆ ಅವಳ ಸೆರಗು ಬಿಚ್ಚಿಸಿ ಅಕ್ಕಿಯನ್ನು ಮರಳಿಗೆ ಸುರಿಸಿದ. ಪಾಲಪ್ಪ ಕಾಲು ಹಿಡಿದರೂ ಕೇಳಲಿಲ್ಲವಂತೆ. ಇವನಿಗೆ ಈಜು ಕಲಿಸಿದ್ದು ಅದೇ ಪಾಲಪ್ಪ.

ಹೊನ್ನೂರಮ್ಮ ತಿರುಗಿ ಬಂದು ಮೂಲೆ ಹಿಡಿದಳು. ಸುರಿದ ಉಡಿ ಹೊತ್ತುಕೊಂಡು ಗಂಡನ ಮನೆಯ ಹೊಸ್ತಿಲು ತುಳಿಯಲಾರೆ ಎಂದಳು. ಅವರ ಕಡೆಯಿಂದ ಎರಡು ಸಲ ಕರೆ ಬಂತು. ಮೂರನೆಯ ಸಲ, ಈ ವಾರ ಬಂದರೆ ಬರಲಿ, ಇಲ್ಲದಿದ್ದರೆ ತವರಲ್ಲೇ ಇರಲಿ ಎಂದು ಹೇಳಿಕಳಿಸಿದರು. ಕಾಯಿದೆ ಎಂದ ಮೇಲೆ ನೀನು ಸುಮ್ಮನಿರು ಎಂದರು ನಿಮ್ಮಪ್ಪ. ನನ್ನಿಂದ ಆಗಲಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಎಷ್ಟು ದಿನ ರೊಟ್ಟಿ ಬಡಿಯಲಿ?

ಮೊನ್ನೆ ಸೋಮವಾರ ಮತ್ತೆ ಅವಳ ಉಡಿ ತುಂಬಿದೆ. ಅಷ್ಟೇ ಅಕ್ಕಿಯನ್ನು ನನ್ನ ಸೆರಗಿಗೂ ತುಂಬಿಕೊಂಡೆ. ಹಾಡಹಗಲೇ ಓಣಿಯ ನಡುವೆ ನಡೆದು ದಂಡೆಗೆ ಹೋದೆವು. ಕೊಟ್ರಯ್ಯ ಅಡ್ಡ ಬಂದು, ನೀನು ಮನೆಗೆ ಹೋಗು ಎಂದು ನನಗೇ ಹೇಳಿದ.

"ಇಕಿದು ಆಮ್ಯಾಲ. ಮೊದ್ಲು ನಿಮ್ಮವ್ವನ ಉಡಿ ಬಿಚ್ಚು" ಎಂದೆ.

ಅವನು ಬಿಚ್ಚಲಿಲ್ಲ, ಹಾಗೆಂದು ಸುಮ್ಮನೆ ಬಿಡಲೂ ಇಲ್ಲ. ಪುಸ್ತಕ ತೆಗೆದು ಮರುಳಸಿದ್ದಮ್ಮ ಎಂದು ನನ್ನ ಹೆಸರು ಬರೆದುಕೊಂಡ, ಯಾವುದೋ ಊರಿನ ಹೆಂಗಸಿನ ಹೆಸರು ಬರೆದ ಹಾಗೆ.

"ದಪ್ಪಗ ಬರಿಯಪ್ಪಾ. ಹೊಸಪ್ಯಾಟ್ಯಾಗ ಸಾಹೇಬ್ರಿಗೆ ಕಾಣ್ಬೇಕು" ಎಂದು ಹರಗೋಲು ಹತ್ತಿದೆ. ಪಾಲಪ್ಪ ನೂಕಿದ. ಹೊನ್ನೂರಮ್ಮ ತುಂಬಿದ ಉಡಿಯಲ್ಲೇ ಆಚೆ ಇಳಿದಳು. ಅತ್ತೆಮನೆಯ ಹೊಸ್ತಿಲು ದಾಟಿಸಿ, ಆ ಅಕ್ಕಿ ದೇವರ ಮುಂದೆ ಬಿದ್ದದ್ದನ್ನು ನೋಡಿಯೇ ಬಂದೆ.

ಶುಕ್ರವಾರ ಹೊಸಪೇಟೆಯ ಕಚೇರಿಗೆ ಬರಬೇಕೆಂದು ನನಗೆ ಕರೆ ಬಂದಿದೆ. ಹೋಗುತ್ತೇನೆ. ಉಡಿಯಕ್ಕಿ ಕಳ್ಳಮಾಲಲ್ಲ ಎಂದು ಹೇಳುತ್ತೇನೆ, ಕೇಳದಿದ್ದರೆ ಇನ್ನೊಂದು ಸಲ ಹೇಳುತ್ತೇನೆ. ಕೊಟ್ರಯ್ಯ ಎರಡು ದಿನದಿಂದ ಚಾವಡಿಯಲ್ಲೇ ಮಲಗುತ್ತಿದ್ದಾನೆ. ಬುತ್ತಿ ಕಳಿಸುತ್ತೇನೆ, ಮಾತು ಕಳಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಒದ್ದೆ ಕಾಲಲ್ಲಿ ಮಲಗಬೇಡ. ಹಂಪಿಯ ವಿರೂಪಾಕ್ಷಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಮರುಳಸಿದ್ದಮ್ಮ

ತಾ.ಕ.: ದೀಪಾವಳಿಯ ಹೊತ್ತಿಗೆ ನೀನೊಂದು ಕಾಗದ ಬರೆದಿದ್ದೆ. ಅಲ್ಲಿ ನಿನ್ನನ್ನೂ ದಾರಿ ಕಾಯಲು ಹಾಕಿದ್ದಾರೆ, ಶತ್ರುಗಳಿಗೆ ಅಕ್ಕಿ ಒಯ್ಯುತ್ತಾರೆಂದು ಹಳ್ಳಿಯ ಹೆಂಗಸರ ಗಂಟು ಬಿಚ್ಚಿಸುತ್ತೀರಿ, ಒಬ್ಬ ಮುದುಕಿ ಮಣ್ಣಿಗೆ ಬಿದ್ದ ಅಕ್ಕಿಯನ್ನು ಕೋಳಿಯ ಹಾಗೆ ಹೆಕ್ಕಿದಳು ಎಂದು. ಕೊಟ್ರಯ್ಯ ಅದನ್ನು ಎರಡು ಸಲ ಓದಿದ. ಮುದುಕಿ ಹೆಕ್ಕಿದ್ದನ್ನು ಮಾಡಿಯೂ ತೋರಿಸಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆನಪ್ಪ. ಅವಳ ಅಕ್ಕಿ ಅವಳಿಗೆ ಕೊಟ್ಟೆಯೋ ಇಲ್ಲವೋ, ಅದನ್ನು ಬರೆ.