ಅಪ್ಪನ ಪುಸ್ತಕ, ನಿಮ್ಮ ಸುಲಭದ ದಾರಿ

ಲಂಪಾಂಗ್
ಭಾನುವಾರ, ಮಾರ್ಚ್ ೧೨, ಬುದ್ಧವರ್ಷ ೨೫೬೬

ಥಾನಿನ್ ಅವರಿಗೆ,

ಕ್ಷೇಮವೇ ಎಂದು ಕೇಳುವಷ್ಟು ಸಮಾಧಾನ ನನಗಿಲ್ಲ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ಅಪ್ಪನ ಹಳೆಯ ಬಸ್ಸನ್ನು ಈಗ ಓಡಿಸುವ ಖಾಂಪನ್ ಇದನ್ನು ಫಯಾವ್‌ನಲ್ಲಿ ನಿಮ್ಮ ಅಂಗಡಿಗೇ ತಂದು ಕೊಡುತ್ತಾನೆ. ಅವನನ್ನು ಮಾತಿಗೆ ನಿಲ್ಲಿಸಿಕೊಳ್ಳಬೇಡಿ, ಬಸ್ಸಿನಲ್ಲಿ ಜನ ಕಾಯುತ್ತಿರುತ್ತಾರೆ.

ಅಪ್ಪ ಗುರುವಾರ ತೀರಿಕೊಂಡರು. ನಡುಮನೆಯಲ್ಲಿ ತಂಪು ಪೆಟ್ಟಿಗೆಯೊಳಗೆ ಮಲಗಿದ್ದಾರೆ. ದಿನಾ ಸಂಜೆ ಭಿಕ್ಷುಗಳು ಬಂದು ಪಠಿಸಿ ಹೋಗುತ್ತಾರೆ. ಶುಕ್ರವಾರ ಯಾರೂ ಹೆಣ ಸುಡುವುದಿಲ್ಲವಲ್ಲ, ದಹನ ಶನಿವಾರಕ್ಕೆ ನಿಗದಿಯಾಗಿದೆ. ಆ ದಿನ ಬಂದವರ ಕೈಗೆ ಏನು ಕೊಡಬೇಕೆಂದು ಅಪ್ಪ ಎಷ್ಟೋ ವರ್ಷಗಳ ಹಿಂದೆಯೇ ತೀರ್ಮಾನ ಮಾಡಿದ್ದು ನಿಮಗೂ ಗೊತ್ತು. ಅದೇ ಈಗ ಇಲ್ಲ. ಅದನ್ನು ಇಲ್ಲವಾಗಿಸಿದವರು ನೀವು.

ಅಪ್ಪನ ದಹನದ ಪುಸ್ತಕ! ನಾವೆಲ್ಲ ನಗುತ್ತಿದ್ದಾಗ ಅವರು ಹೇಳಿದ್ದು ನೆನಪಿದೆಯೇ? "ಮಂತ್ರಿ ಸತ್ರೆ ಪುಸ್ತಕ ಹಂಚ್ತಾರೆ, ಜನರಲ್ ಸತ್ರೆ ಪುಸ್ತಕ ಹಂಚ್ತಾರೆ. ಬಸ್ ಡ್ರೈವರ್ ಸತ್ರೆ ಮಾತ್ರ ಮೂಸೋ ಮುಲಾಮಿನ ಡಬ್ಬಿ ಕೊಟ್ಟು ಕಳಿಸ್ತೀರಾ? ನನ್ನ ಕಥೆ ನಾನೇ ಬರೀತೀನಿ, ನಿಮ್ಮ ಕೈಲಿ ಬಿಟ್ರೆ ಬರೀ ಸುಳ್ಳೇ ಬರೀತೀರಾ." ಹಾಗೆಂದವರು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ಕೂತರು. ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೇ ಹುಟ್ಟಿದ ಮಗು, ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದ ಭಿಕ್ಷು, ಟಿಕೆಟ್ಟಿಗೆ ದುಡ್ಡಿಲ್ಲದೆ ಮುಖ ಊದಿಸಿಕೊಂಡು ಕೂತಿದ್ದ ನನ್ನ ಅಮ್ಮ, ಆಮೇಲೆ ಅದೇ ಅಮ್ಮ ಮಾಡುತ್ತಿದ್ದ ಟೊಮೆಟೊ ಹಂದಿಮಾಂಸದ ಚಟ್ನಿಯ ವಿಧಾನ. ನನಗೆ ಗೊತ್ತಿರುವುದು ಇಷ್ಟೇ, ಅದೂ ಊಟದ ಹೊತ್ತಿನಲ್ಲಿ ಅವರ ಬಾಯಿಂದ ಜಾರಿದ್ದು. ಮುಗಿಯುವ ಮುಂಚೆ ಯಾರೂ ಓದಕೂಡದು, ಅಚ್ಚು ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

ಮೊನ್ನೆ ಬೆಳಿಗ್ಗೆ ಪ್ರೆಸ್ಸಿನ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಕಂಪ್ಯೂಟರ್ ತೆರೆದೆ. ಅಪ್ಪನ ಫೋಲ್ಡರ್ ಜಾಗದಲ್ಲಿ ಏನೂ ಇಲ್ಲ. ಫೆಬ್ರವರಿ ಹದಿನಾಲ್ಕರಂದು ಬೇರೊಂದು ಫೋನಿನಿಂದ ಅಳಿಸಲಾಗಿದೆ, ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಶಾಶ್ವತವಾಗಿ ಹೋಗುತ್ತದೆ ಎಂಬ ಸೂಚನೆ ಮಾತ್ರ ಇತ್ತು. ಆ ಹೆಂಗಸಿನ ಎದುರಿಗೇ ನಾನು ಮೇಜು ಗುದ್ದಿದೆ. ಪಾಪ, ಅವಳು ದುಃಖಕ್ಕೆ ಎಂದುಕೊಂಡು ನನ್ನ ಬೆನ್ನು ಸವರಿದಳು.

ಫೆಬ್ರವರಿ ಹದಿನಾಲ್ಕು! ಪ್ರೇಮಿಗಳ ದಿನ! ನಿಮ್ಮ ಬ್ಯೂಟಿ ಪಾರ್ಲರ್ ಮೇಡಂ ಜೊತೆ ಕೆರೆ ದಂಡೆಯಲ್ಲಿ ಫೋಟೊ ಹೊಡೆಯಲು ಹೋಗಿರುತ್ತೀರಿ, ಜಾಗವಿಲ್ಲ ಎಂದು ಫೋನು ಗೊಣಗಿರುತ್ತದೆ, ಲಂಪಾಂಗ್ ಮನೆಯದ್ದೆಲ್ಲ ಇನ್ನು ಯಾಕೆ ಎಂದು ಒಂದೇ ಏಟಿಗೆ ಒರೆಸಿ ಹಾಕಿರುತ್ತೀರಿ. ಅಳಿಸುವ ಮುಂಚೆ ಒಂದು ಸಲ ಒಳಗೆ ಏನಿದೆ ಎಂದು ನೋಡಲಿಲ್ಲವೇ? ಇಂಕೇವ್ ಎಂದು ಅಪ್ಪನ ಹೆಸರು ಮೇಲೇ ಇತ್ತಲ್ಲ! ನನ್ನನ್ನು ಬಿಟ್ಟು ಹೋದಿರಿ, ಸರಿ, ಅದನ್ನು ಹೇಗೋ ನುಂಗಿಕೊಂಡೆ. ಇದನ್ನು ನುಂಗಲು ನನ್ನಿಂದ ಆಗುವುದಿಲ್ಲ.

ಇದನ್ನೆಲ್ಲ ತಪ್ಪಿಸಬಹುದಿತ್ತು ಎಂಬುದೇ ನನ್ನ ಹೊಟ್ಟೆ ಉರಿಸುತ್ತಿದೆ. ಕಂಪ್ಯೂಟರ್ ಹಳತಾಯಿತು, ಎಲ್ಲದಕ್ಕೂ ಒಂದು ನಕಲು ಇಟ್ಟುಕೊಳ್ಳೋಣ ಎಂದವಳು ನಾನು. "ರೀ, ಒಂದು ಸಣ್ಣ ಡಿಸ್ಕ್ ತಂದುಬಿಡೋಣ. ವಾರಕ್ಕೊಂದ್ಸಲ ನಕಲು ತೆಗೆದು, ವೈರ್ ಬಿಚ್ಚಿ, ಬೀರುಲಿಟ್ಟು ಬೀಗ ಹಾಕ್ತೀನಿ" ಅಂದೆ. ನೀವು ಕಂಪ್ಯೂಟರ್ ಅಂಗಡಿಯವನ ಮುಂದೆಯೇ ನಕ್ಕಿರಿ. "ಯಾವ ಕಾಲದಲ್ಲಿದ್ದೀಯೇ ಮಾಲಿವನ್? ನೀನು ನಾಕು ವಾರ ಮಾಡ್ತೀಯ, ಐದನೇ ವಾರ ಮರೀತೀಯ, ಆರನೇ ವಾರ ಇರುವೆ ಗೂಡು ಕಟ್ಟಿರತ್ತೆ. ನನ್ನ ಖಾತೆಗೆ ಜೋಡಿಸ್ತೀನಿ ನೋಡು, ಎಲ್ಲ ತಾನೇ ತಾನಾಗಿ ಇಂಟರ್‌ನೆಟ್ಟಲ್ಲಿ ಹೋಗಿ ಕೂತ್ಕೊಳತ್ತೆ. ಬೆರಳೂ ಎತ್ತಬೇಕಾಗಿಲ್ಲ" ಅಂದಿರಿ. ಅಂಗಡಿಯವನೂ ಹಲ್ಲು ಕಿರಿದ. ನನಗೆ ನಾಚಿಕೆಯಾಗಿ ಕೈಯಲ್ಲಿದ್ದ ಡಿಸ್ಕನ್ನು ವಾಪಸ್ ಇಟ್ಟೆ.

ನಿಜ, ನಾನು ಬೆರಳು ಎತ್ತಲಿಲ್ಲ. ಎತ್ತಿದವರು ನೀವು. ನೀವು ಅಲ್ಲಿ ಒತ್ತಿದಿರಿ, ಇಲ್ಲಿ ನಮ್ಮ ಮನೆಯ ಕಂಪ್ಯೂಟರ್ ತೆಪ್ಪಗೆ ಖಾಲಿಯಾಯಿತು. ಇಲ್ಲಿ ಅಳಿಸಿದರೆ ಅಲ್ಲೂ, ಅಲ್ಲಿ ಅಳಿಸಿದರೆ ಇಲ್ಲೂ ಹೋಗುವುದಾದರೆ ಅದನ್ನು ನಕಲು ಎಂದು ಯಾಕೆ ಕರೆದಿರಿ? ಮೊಬೈಲ್ ರಿಪೇರಿ ಮಾಡುವವರಿಗೆ ಇಷ್ಟು ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೂ ವಿವರಿಸುವ ಸೋಮಾರಿತನವೇ? ನಿನ್ನೆ ನಾನೇ ಹೋಗಿ ಡಿಸ್ಕ್ ತಂದೆ. ಅದಕ್ಕೆ ತುಂಬಲು ಏನೂ ಇಲ್ಲ. ಟೀವಿಯ ಪಕ್ಕ ಬಿದ್ದುಕೊಂಡಿದೆ.

ಕಸದ ಬುಟ್ಟಿ ತೆರೆಯಲು ನಾನು ಪ್ರಯತ್ನ ಮಾಡಿದೆ. ಖಾತೆ ನಿಮ್ಮದು, ಪಾಸ್‌ವರ್ಡ್ ಕೇಳಿತು. ನಿಮ್ಮ ಹುಟ್ಟಿದ ದಿನ ಹಾಕಿದೆ. ನಮ್ಮ ಮದುವೆಯ ತಾರೀಕು ಹಾಕಿದೆ, ಅಷ್ಟು ದಡ್ಡಿ ನಾನು. ಮೂರನೇ ತಪ್ಪಿಗೆ ಅದು ನನ್ನನ್ನು ಹೊರಗೆ ಹಾಕಿತು.

ಈಗ ನೀವು ಮಾಡಬೇಕಾದ ಕೆಲಸ ಹೇಳುತ್ತೇನೆ, ತಪ್ಪಿಲ್ಲದೆ ಮಾಡಿ. ಕಸದ ಬುಟ್ಟಿ ತೆರೆಯಿರಿ. ಅಪ್ಪನ ಹೆಸರಿನ ಫೋಲ್ಡರ್ ಹುಡುಕಿ. ವಾಪಸ್ ತರುವ ಗುಂಡಿ ಒತ್ತಿ. ಅದರ ಪಕ್ಕದಲ್ಲೇ ಎಲ್ಲ ಖಾಲಿ ಮಾಡುವ ಗುಂಡಿ ಇರುತ್ತದೆ, ನಿಮ್ಮ ಅವಸರದ ಕೈ ಅದರ ಮೇಲೆ ಬೀಳದಿರಲಿ. ಬಂದದ್ದನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ತೆರೆದು ಪರೀಕ್ಷಿಸಿ, ಲಕೋಟೆಗೆ ಅಂಟು ಹಚ್ಚಿ, ಸಂಜೆ ಬಸ್ಸಿನಲ್ಲಿ ಖಾಂಪನ್ ಕೈಗೆ ಕೊಡಿ. ಪ್ರೆಸ್ಸಿನವಳು ಬುಧವಾರದವರೆಗೆ ಕಾಯುತ್ತೇನೆ ಎಂದಿದ್ದಾಳೆ. ಗುರುವಾರ ಬಂತೆಂದರೆ ಬುಟ್ಟಿ ತಾನಾಗಿ ಬರಿದಾಗುತ್ತದೆ. ನನ್ನ ಮೇಲಿನ ಕೋಪಕ್ಕೆ ಈ ಕಾಗದವನ್ನು ಒಂದು ಪಕ್ಕಕ್ಕೆ ಸರಿಸಿಟ್ಟರೂ ಸಾಕು, ಅಪ್ಪ ಇನ್ನೊಂದು ಸಲ ಸಾಯುತ್ತಾರೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ಫೋನ್ ಮಾಡಲಿಲ್ಲ ನೀವು. ಬಾಗಿಲು ಸದ್ದಾದರೆ ಸಾಕು, ಅವರು ತಲೆ ತಿರುಗಿಸಿ ನೋಡುತ್ತಿದ್ದರು. ಅದನ್ನು ನೋಡಿಕೊಂಡು ಕೂತವಳು ನಾನು. ನಿಮ್ಮನ್ನು ಎಷ್ಟು ಬೈದುಕೊಂಡಿದ್ದೇನೆ ಎಂದು ಬರೆದರೆ ಖಾಂಪನ್ ಬಸ್ಸಿಗೆ ಭಾರವಾಗುತ್ತದೆ.

ಪೆನ್‌ಡ್ರೈವ್ ಬಂದರೆ ಸಾಕು. ನೀವು ಬರುವುದು ಬೇಡ. ಸಂತಾಪವೂ ಬೇಡ, ಹೂವಿನ ಹಾರವೂ ಬೇಡ. ನಿಮ್ಮ ಮುಖ ನೋಡುವ ಶಕ್ತಿ ನನಗಿಲ್ಲ.

ಇಂಕೇವ್ ಅವರ ಮಗಳು,
ಮಾಲಿವನ್

ಕಾಗದ ಮಡಚಿದ ಮೇಲೆ:

ನೀವು ಮನೆ ಬಿಟ್ಟದ್ದು ಅಪ್ಪನಿಗೆ ಗೊತ್ತಿರಲಿಲ್ಲ. ಫಯಾವ್‌ನಲ್ಲಿ ಕ್ಯಾಮೆರಾ ಕೂರಿಸುವ ಗುತ್ತಿಗೆ ಸಿಕ್ಕಿದೆ, ಹೊಸ ವರ್ಷದ ನೀರಿನ ಹಬ್ಬಕ್ಕೆ ಬರುತ್ತಾರೆ ಎಂದು ನಾನೇ ಹೇಳುತ್ತ ಬಂದೆ. ಜನವರಿಯಲ್ಲಿ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರ ಕೈ ನಡುಗುತ್ತಿತ್ತು. ಕೊನೆಯ ಪುಟವನ್ನು ಅವರು ಹೇಳಿದರು, ನಾನು ಟೈಪ್ ಮಾಡಿದೆ. ಹೀಗಾಗಿ ಆ ಪುಸ್ತಕದಲ್ಲಿ ನಾನು ಬಲ್ಲ ಪುಟ ಅದೊಂದೇ. "ಈ ಪುಸ್ತಕ ಹಂಚೋನು ನನ್ನ ಅಳಿಯ ಥಾನಿನ್. ಕಂಪ್ಯೂಟರ್ ಮುಂದೆ ಕೂರಿಸಿ ನನ್ನ ಬೆರಳು ಹಿಡಿದು ಕಲಿಸಿದೋನು ಅವ್ನು. ನನ್ನ ಕೊನೇ ಟ್ರಿಪ್ಪಿಗೆ ಕಂಡಕ್ಟರ್ ಅವ್ನೇ ಆಗ್ಬೇಕು, ಬೇರೆ ಯಾರೂ ಮುಟ್ಟಕೂಡದು." ಅಚ್ಚಿಗೆ ಕೊಡುವಾಗ ಆ ಸಾಲುಗಳನ್ನು ತೆಗೆದುಬಿಡಬೇಕೆಂದಿದ್ದೆ. ತೆಗೆಯುವುದಿಲ್ಲ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಪೆಟ್ಟಿಗೆ ಮನೆಯಿಂದ ಹೊರಡುತ್ತದೆ. ನಾನು ನಿಮ್ಮನ್ನು ಕರೆಯುತ್ತಿಲ್ಲ. ಕರೆದವರು ಅವರು. ಒಬ್ಬರೇ ಬನ್ನಿ.