ಒಂದೇ ಮಂಚದ ಪಾಲು

ಮಾರ್ಚ್ 3, ಸೋಮವಾರ

ಟ್ರಾನ್ಸ್‌ಫರ್ ಆಯಿತು! ನನ್ನಾಕೆಯ ಆರ್ಡರ್ ಕೊನೆಗೂ ಬಂತು — ಇದೇ ಊರಿನ ಶಾಲೆಗೆ! ಮದುವೆಯಾದ ಮೇಲೆ ಜೊತೆಗಿದ್ದದ್ದು ಬೆರಳೆಣಿಕೆಯ ದಿನ. ಫೋನಿನಲ್ಲಿ ಇಬ್ಬರೂ ಒಟ್ಟಿಗೇ ಕಿರುಚಿದೆವು.

"ರೀ, ಮನೆ ಹಿಡಿದ್ರಾ?"

"ಹಿಡಿದೆ ಕಣೇ, ಕಿಟಕಿಗೆ ಪರದೆ ಒಂದು ಬಾಕಿ."

ಆಫೀಸಿನಲ್ಲಿ ಯಾರದೋ ಮನೆಯ ಪ್ಲಾನಿನಲ್ಲಿ ಬಾತ್‌ರೂಮಿನ ಜಾಗಕ್ಕೆ ಇನ್ನೊಂದು ಅಡುಗೆಮನೆ ಬರೆದುಬಿಟ್ಟೆ. ಎಂಜಿನಿಯರ್ ಸಾಹೇಬರು, "ಏನಯ್ಯಾ, ಈ ಮನೆಯವರಿಗೆ ಬರೀ ಊಟಾನಾ? ಸ್ನಾನ ಬೇಡ್ವಾ?" ಎಂದರು.

ಒಂದೇ ಕಿರಿಕಿರಿ. ತೊಡೆಸಂದಿಯಲ್ಲಿ ತುರಿಕೆ. ಸೆಖೆ ಇರಬೇಕು. ಪೌಡರ್ ಸುರಿದಿದ್ದೇನೆ.

ಮಾರ್ಚ್ 4, ಮಂಗಳವಾರ

ಸೆಖೆಯಲ್ಲ. ಕೂದಲಿನ ಬುಡದಲ್ಲಿ ಬೂದು ಚುಕ್ಕೆ — ಉಜ್ಜಿದರೂ ಬರಲಿಲ್ಲ. ಉಗುರಿನಲ್ಲಿ ಕಿತ್ತು ಬೆಳಕಿಗೆ ಹಿಡಿದೆ. ಚುಕ್ಕೆಗೆ ಕಾಲು! ಪುಟಾಣಿ ಏಡಿಯ ಹಾಗೆ. ಹೇನು. ಅಲ್ಲಿ! ದಿನಕ್ಕೆರಡು ಸಲ ಸ್ನಾನ ಮಾಡುವವನಿಗೆ!

ರೇಜರ್ ಹಿಡಿದು ಎಲ್ಲ ಬೋಳಿಸಿದೆ. ಗೆದ್ದೆ.

ಮಾರ್ಚ್ 6, ಗುರುವಾರ

ಗೆದ್ದಿಲ್ಲ. ತೊಡೆಯ ಮೇಲೆ, ಹೊಕ್ಕುಳ ಕೆಳಗೆ ಸಂಸಾರ ಹೂಡಿವೆ. ನಾನೇ ಇನ್ನೂ ಹೂಡಿಲ್ಲ...

ಚರ್ಮದ ಡಾಕ್ಟರಮ್ಮ ಲೆನ್ಸ್ ಹಿಡಿದು ನೋಡಿದರು. "ಗುಪ್ತಾಂಗದ ಹೇನು. ಕೊಳಕಿನಿಂದ ಬರೋದಲ್ಲ, ನಾಚ್ಕೋಬೇಡಿ. ಈ ಲೋಷನ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೀರಿ. ಮೊಟ್ಟೆ ಒಡೆದು ಹೊಸವು ಬರ್ತವೆ, ಅದಕ್ಕೆ ವಾರ ಬಿಟ್ಟು ಇನ್ನೊಂದ್ಸಲ. ಬಟ್ಟೆ, ಹಾಸಿಗೆ ಬಿಸಿನೀರಲ್ಲಿ ಒಗೀರಿ." ಪೆನ್ನು ಕೆಳಗಿಟ್ಟರು. "ಯಾರ ಜೊತೆ ಸಂಬಂಧ ಇದೆ?"

"ಹೆಂಡ್ತಿ ಒಬ್ಬಳೇ ಡಾಕ್ಟ್ರೇ."

"ಅವರಿಗೂ ಹೇಳಿ. ತುರಿಕೆ ಇಲ್ದಿದ್ರೂ ತೋರಿಸ್ಲಿ. ಬೇರೆ ಸೋಂಕಿನ ಟೆಸ್ಟೂ ಮಾಡಿಸ್ಕೊಳ್ಳಿ, ಇಬ್ರೂ."

ಆಗ ಮಂಚದ ವಿಷಯ ಬಾಯಿಬಿಟ್ಟೆ. ಈಗಿರುವ ಬಾಡಿಗೆ ರೂಮಿನಲ್ಲಿರುವುದು ಒಂದೇ ಮಂಚ. ಹಗಲು ಅದರಲ್ಲಿ ಪ್ರೆಸ್ಸಿನ ನೈಟ್ ಶಿಫ್ಟಿನವನು, ರಾತ್ರಿ ನಾನು. ಅವನು ಎದ್ದ ಜಾಗದ ಬಿಸಿ ಆರುವ ಮೊದಲೇ ನಾನು ಉರುಳುತ್ತೇನೆ. ಅದೇ ಹೊದಿಕೆ, ಅವಸರಕ್ಕೆ ಅದೇ ಟವೆಲ್. ಹೋದ ತಿಂಗಳು ನನ್ನಾಕೆ ಬಂದಾಗ ಅವನು ಎರಡು ದಿನ ಬೇರೆ ಕಡೆ ಮಲಗಿ, ಆ ಮಂಚವನ್ನು ನಮಗೆ ಬಿಟ್ಟುಕೊಟ್ಟಿದ್ದ. ಪುಣ್ಯಾತ್ಮ.

"ಹಾಸಿಗೆ, ಟವೆಲ್‌ನಿಂದ ಬರೋದು ಅಪರೂಪ," ಎಂದರು ಡಾಕ್ಟರಮ್ಮ. "ಬರೋದೇ ಇಲ್ಲ ಅನ್ನಲಾರೆ."

ಅಪರೂಪ! ಈ ಒಂದು ಪದ ಹಿಡಿದು ಹೊಸ ಹೆಂಡತಿಯ ಮುಂದೆ ಹೇಗೆ ನಿಲ್ಲಲಿ?

ಮಾರ್ಚ್ 7, ಶುಕ್ರವಾರ

ಮಂಚದ ಪಾಲುದಾರನನ್ನು ಕೇಳಿಯೇಬಿಟ್ಟೆ. ಜಗಳಕ್ಕೆ ಬರುತ್ತಾನೆಂದುಕೊಂಡಿದ್ದೆ. ತಲೆ ತಗ್ಗಿಸಿದ.

"ಎರಡು ತಿಂಗಳಿಂದ ತುರಿಕೆ ಕಣೋ. ಪ್ರೆಸ್ಸಿನ ಇಂಕ್ ಅಲರ್ಜಿ ಅಂದ್ಕೊಂಡಿದ್ದೆ."

"ಇಂಕ್ ಅಲ್ಲಿಗೆ ಹೇಗೋ ಹೋಗುತ್ತೆ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನನ್ನೂ ಡಾಕ್ಟರಮ್ಮನ ಹತ್ತಿರ ಅಟ್ಟಿದೆ.

ನನ್ನಾಕೆಗೆ ಹೇಳದಿದ್ದರೆ? ನನ್ನದು ವಾಸಿಯಾಗುತ್ತದೆ. ಅವಳಿಗೂ ಅಂಟಿದ್ದರೆ... ಒಬ್ಬಳೇ, ಬಾತ್‌ರೂಮಿನಲ್ಲಿ, ಆ ಚುಕ್ಕೆಯನ್ನು ನೋಡಿ... ಇಲ್ಲ. ಫೋನ್ ಮಾಡಿದೆ. ಎಲ್ಲ ಹೇಳಿದೆ, 'ಅಪರೂಪ'ವನ್ನೂ ಸೇರಿಸಿ.

ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಮಂಗಳವಾರದಿಂದ ದಿನಾ ಪರದೆ ಬಣ್ಣದ ಬಗ್ಗೆ ಮಾತಾಡಿದ್ರಲ್ಲ ರೀ."

ಫೋನ್ ಇಟ್ಟಳು.

ಮಾರ್ಚ್ 9, ಭಾನುವಾರ

ಫೋನಿಲ್ಲ. ಹೊಸ ಮನೆಗೆ ಹೋಗಿ ಪರದೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.

ಮಾರ್ಚ್ 11, ಮಂಗಳವಾರ

ಟೆಸ್ಟ್ ರಿಪೋರ್ಟ್ ಬಂತು. ಬೇರೇನೂ ಇಲ್ಲ. ಅವಳಿಗೆ ಕಳಿಸಿದೆ, ಒಂದು ಮಾತೂ ಬರೆಯದೆ. ನೋಡಿದ್ದಾಳೆ. ಉತ್ತರವಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ಯಾಕೆ ಹೋದೆನೋ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಫೋನ್!

"ನನಗೂ ಇದೆ," ಎಂದಳು. "ಡಾಕ್ಟ್ರಿಗೆ ತೋರಿಸ್ದೆ. ಲೋಷನ್ ಹಚ್ಕೊಂಡೆ."

ಕ್ಷಮಿಸು ಎನ್ನಲು ಹೊರಟೆ. ಅವಳೇ ತಡೆದಳು.

"ನೀವು ಹೇಳೋಕೆ ಮುಂಚೆನೇ ತುರಿಕೆ ಇತ್ತು ರೀ. ಬೋರ್ಡ್ ಕಡೆ ತಿರುಗಿ ಪಾಠ ಮಾಡ್ತಿದ್ದೆ. ನೀವೇನು ಅಂದ್ಕೊಳ್ತೀರೋ ಅಂತ ನಾನೂ ಬಾಯಿ ಮುಚ್ಕೊಂಡು ಪರದೆ ಬಣ್ಣ ಆರಿಸ್ತಿದ್ದೆ."

"ಕಳ್ಳಿ!"

"ನೀವೇನು ಸಾಚಾನಾ?" ನಕ್ಕಳು. ಆಮೇಲೆ ಮೆಲ್ಲಗೆ, "ನಿಮ್ಮ ಪಾಲುದಾರನ ನಂಬರ್ ಇತ್ತಲ್ಲ... ಚೆನ್ನಾಗಿ ಉಗಿದೆ. 'ಅತ್ತಿಗೆ, ತಪ್ಪಾಯ್ತು' ಅಂತ ಅತ್ತೇಬಿಟ್ಟ, ಪಾಪ."

"ನನ್ನ ನಂಬಿದ್ಯಾ?"

"ಪೂರ್ತಿ ನಂಬೋಕೆ ಎದುರಿಗೆ ನಿಂತು ಮುಖ ನೋಡ್ಬೇಕು. ಎರಡನೇ ಸಲದ ಲೋಷನ್ ಅಲ್ಲೇ ಹಚ್ಕೊಳ್ತೀನಿ. ಹೊಸ ಮಂಚ ತಂದಿಡಿ. ಆ ಹಳೇ ಮಂಚ ಮಾತ್ರ ಮನೆ ಹೊಸ್ತಿಲು ದಾಟಬಾರದು!"

ಯಾವಾಗ, ಯಾವಾಗ ಎಂದು ಕೂಗಿದೆ. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ — ಶನಿವಾರ, ಸಂಜೆಯ ಪ್ಯಾಸೆಂಜರ್, ಕೊನೆಯಿಂದ ಎರಡನೇ ಬೋಗಿ...